ಶಿವಮೊಗ್ಗದಲ್ಲಿ ಹಾಕಿ ಕಲಿಯುವವರಿಗೆ: ನಿವೃತ್ತ ಕಾಲೇಜು ಕೋಚ್ ಒಬ್ಬರ ತರಬೇತಿ ಹೇಗಿದೆ?

ಶಿವಮೊಗ್ಗದಲ್ಲಿ ಮಕ್ಕಳನ್ನು ಕ್ರಿಕೆಟ್ ಕೋಚಿಂಗಿಗೆ ಸೇರಿಸಬೇಕೆಂದರೆ ಹೆಚ್ಚು ಹುಡುಕಬೇಕಾಗಿಲ್ಲ. ಹಾಕಿಗಾದರೆ ನಾಲ್ಕು ಜನರನ್ನು ವಿಚಾರಿಸಿಕೊಂಡೇ ಹೋಗಬೇಕು. ಹಾಗೆ ವಿಚಾರಿಸಿದಾಗ ನನಗೆ ಎಲ್ಲರೂ ತೋರಿಸಿದ್ದು ಒಬ್ಬರನ್ನೇ. ಇಲ್ಲಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಿದ್ದು, ಹೆಣ್ಣುಮಕ್ಕಳ ಹಾಕಿ ತಂಡವನ್ನು ಅಂತರ ಕಾಲೇಜು ಪಂದ್ಯಾವಳಿಗಳಲ್ಲಿ ಮತ್ತೆ ಮತ್ತೆ ಗೆಲ್ಲಿಸಿ, ಈಗ ನಿವೃತ್ತರಾಗಿರುವ ಅವರು ಬೆಳಗಿನ ಹೊತ್ತು ಮಣ್ಣಿನ ಮೈದಾನವೊಂದರಲ್ಲಿ ಶಾಲೆ ಮತ್ತು ಪಿಯುಸಿ ಮಕ್ಕಳಿಗೆ ತರಬೇತಿ ಕೊಡುತ್ತಾರೆ. ಪ್ರಚಾರ ಬೇಡವೆನ್ನುವ ಸ್ವಭಾವದವರಾದ್ದರಿಂದ ಹೆಸರು ಬರೆಯುತ್ತಿಲ್ಲ. ಹಾಕಿ ಸ್ಟಿಕ್ ಹಿಡಿದ ಯಾವ ಮಗುವನ್ನು ಕೇಳಿದರೂ ಮೈದಾನ ತೋರಿಸುತ್ತದೆ. ನನ್ನ ಮಗಳು ಅಲ್ಲಿ ಕಲಿಯುತ್ತಿದ್ದಾಳೆ.

ಈ ತರಬೇತಿಯ ಗುಣವೂ ಮಿತಿಯೂ ಅವರ ವೃತ್ತಿಜೀವನದಿಂದಲೇ ಬಂದವು ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಕಾಲೇಜು ಕೋಚ್ ಆದವರಿಗೆ ಯಾವ ಆಟಗಾರ್ತಿಯೂ ಪದವಿ ಮುಗಿಯುವವರೆಗಿನ ಮೂರು ವರ್ಷಕ್ಕಿಂತ ಹೆಚ್ಚು ಕಾಲ ದಕ್ಕುವುದಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1981ರಿಂದ 2022ರವರೆಗೆ ಮಹಿಳಾ ಹಾಕಿ ತಂಡವನ್ನು ಬೆಳೆಸಿ, 10 ರಾಷ್ಟ್ರೀಯ ಪ್ರಶಸ್ತಿ ಗೆದ್ದ ಕರೆನ್ ಶೆಲ್ಟನ್ ಅವರಿಗೂ ಇಂಥದೇ ಕಟ್ಟುಪಾಡು ಇತ್ತು. ನಾಲ್ಕು ಹಂಗಾಮು ಆಡಿದ ಹುಡುಗಿ ಹೊರಟುಹೋದರೆ ಮತ್ತೆ ಮೊದಲಿನಿಂದ ಕಟ್ಟಬೇಕಿತ್ತು. ಆದರೆ ಅಲ್ಲಿ ಕೋಚ್ ಹೈಸ್ಕೂಲುಗಳಲ್ಲಿ ಆಡುವವರನ್ನು ನೋಡಿ ಆರಿಸಿಕೊಳ್ಳಬಹುದು, ವಿದ್ಯಾರ್ಥಿವೇತನ ಕೊಟ್ಟು ಕರೆಸಿಕೊಳ್ಳಬಹುದು. ನಮ್ಮ ಮೇಷ್ಟ್ರಿಗೆ ಸಿಕ್ಕವರು ಬಿ.ಎ., ಬಿ.ಕಾಂ. ಪ್ರವೇಶಪಟ್ಟಿಯಲ್ಲಿ ಬಂದವರು. ಹೊಸನಗರದ ಕಡೆಯಿಂದ ಬಂದ ಖೋಖೋ ಆಟಗಾರ್ತಿ, ತೀರ್ಥಹಳ್ಳಿಯ ಕಬಡ್ಡಿ ಹುಡುಗಿ, ಓಟದಲ್ಲಿ ಚುರುಕಾಗಿದ್ದರೂ ಸ್ಟಿಕ್ಕನ್ನು ಮುಟ್ಟಿಯೇ ನೋಡದವರು. ಕೊಡಗಿನಲ್ಲಿ ಹಾಕಿ ಮನೆಯ ಆಟ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವ ಅದಕ್ಕೆ ಸಾಕ್ಷಿ. ನಮ್ಮ ಕಡೆ ಅಂಥ ಬಳುವಳಿ ಇಲ್ಲ. ಅಂಥವರನ್ನು ಒಂದೇ ವರ್ಷದಲ್ಲಿ ಪಂದ್ಯಕ್ಕೆ ಇಳಿಸಬೇಕಾಗಿ ಬಂದವರಿಗೆ ಏನನ್ನು ಮೊದಲು ಕಲಿಸಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬ ತೀರ್ಮಾನ ಖಚಿತವಾಗಿರುತ್ತದೆ. ಪೋಷಕರಾಗಿ ನಾವು ಹಣ ಕೊಡುವುದು ಆ ತೀರ್ಮಾನಕ್ಕೆ.

ಅವರು ಮೊದಲು ಕಲಿಸುವುದು ಚೆಂಡು ನಿಲ್ಲಿಸುವುದನ್ನು. ಹೊಸಬರಿಗೆ ಹೊಡೆಯುವ ಆಸೆ. ಇಲ್ಲಿ ಹೊಡೆತಕ್ಕೆ ಬಹಳ ಕಾಲ ಅವಕಾಶವೇ ಇಲ್ಲ. ಮಕ್ಕಳು ಎದುರುಬದುರು ನಿಂತು ಪುಶ್ ಮಾಡಿದ, ಎಂದರೆ ಸ್ಟಿಕ್ ಬೀಸದೆ ತಳ್ಳಿದ ಚೆಂಡು ಜಲ್ಲಿಕಲ್ಲಿಗೋ ಹುಲ್ಲಿನ ಗಡ್ಡೆಗೋ ತಗುಲಿ ಕೊನೆಯ ಗಳಿಗೆಯಲ್ಲಿ ಪುಟಿಯುತ್ತದೆ. ಆಗ ಮೇಷ್ಟ್ರು ಮಗುವಿನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ಸ್ಟಿಕ್ಕಿನ ಹಿಡಿಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಚೆಂಡು ಸ್ಟಿಕ್ಕಿಗೂ ನೆಲಕ್ಕೂ ನಡುವೆ ಸಿಕ್ಕಿಬೀಳುವ ಕೋನವನ್ನು ತೋರಿಸುತ್ತಾರೆ. "ಸೊಂಟ ಅಲ್ಲಮ್ಮಾ, ಮಂಡಿ ಬಗ್ಗಿಸು; ಬಲಗೈ ಬಿಗಿ ಹಿಡೀಬೇಡ" ಎಂಬ ಮಾತು ಒಂದು ಬೆಳಗಿನಲ್ಲಿ ಎಷ್ಟು ಸಲ ಕೇಳಿಬರುತ್ತದೆಯೋ ಲೆಕ್ಕವಿಲ್ಲ. ಮೇಲಿನ ಎಡಗೈ ಸ್ಟಿಕ್ಕನ್ನು ತಿರುಗಿಸಬೇಕು, ಕೆಳಗಿನ ಬಲಗೈಯೊಳಗೆ ಅದು ಸಡಿಲವಾಗಿ ತಿರುಗಬೇಕು. ಸ್ಟಿಕ್ಕಿನ ಉಬ್ಬಿದ ಹಿಂಬದಿಯಿಂದ ಚೆಂಡನ್ನು ಆಡಬಾರದ ಈ ಆಟದಲ್ಲಿ ಆ ತಿರುಗಿಸುವಿಕೆ ಬಾರದವರಿಗೆ ಮುಂದಿನ ಯಾವ ವಿದ್ಯೆಯೂ ಬರುವುದಿಲ್ಲ. ನನ್ನ ಮಗಳು ಎಡಚಿ. ಹಾಕಿಯಲ್ಲಿ ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲವೆಂದು ತಿಳಿದು ನಮಗೆ ಅಳುಕಿತ್ತು. ನಾಜೂಕಿನ ಕೆಲಸವೆಲ್ಲ ಎಡಗೈಯದೇ ಆದ್ದರಿಂದ ಅವಳಿಗೆ ತೊಡಕಾಗುವುದಿಲ್ಲವೆಂದು ಅವರು ಮೊದಲ ದಿನವೇ ಹೇಳಿದರು, ಹಾಗೆಯೇ ಆಗಿದೆ.

ಸ್ಟಿಕ್ ಕೊಳ್ಳುವ ವಿಷಯದಲ್ಲಿ ಅವರ ಸಲಹೆಯೊಂದೇ ನಮಗೆ ಶುಲ್ಕದಷ್ಟು ಹಣ ಉಳಿಸಿತು. ನಿಯಮದ ಪ್ರಕಾರ ಸ್ಟಿಕ್ 737 ಗ್ರಾಂ ತೂಕವನ್ನೂ 105 ಸೆಂಟಿಮೀಟರ್ ಉದ್ದವನ್ನೂ ಮೀರುವಂತಿಲ್ಲ. ಆದರೆ ಬೆಳೆಯುವ ಮಗುವಿಗೆ ಬೇಕಾದದ್ದು ಅದರ ಸೊಂಟದ ಮೂಳೆಯವರೆಗೆ ಬರುವ, ಮಣಿಕಟ್ಟು ಸೋಲದಷ್ಟು ಹಗುರವಾದ ಸ್ಟಿಕ್. ಕಾರ್ಬನ್ ಹೆಚ್ಚಿರುವ ಗಡಸು ಸ್ಟಿಕ್ಕಿನಿಂದ ಚೆಂಡು ಪುಟಿದು ಹೋಗುವುದರಿಂದ ಹೊಸಬರಿಗೆ ಅದು ಬೇಡವೆನ್ನುತ್ತಾರೆ. ಜಲಂಧರಿನಲ್ಲಿ ತಯಾರಾಗುವ ಸಾಧಾರಣ ಬೆಲೆಯ ಸ್ಟಿಕ್, ಶಿನ್ ಗಾರ್ಡ್, ಮೌತ್ ಗಾರ್ಡ್ ಇಷ್ಟಿದ್ದರೆ ಸಾಕು. ಬೂಟಿನ ಬಗ್ಗೆ ಮಾತ್ರ ಅವರು ಬಿಗಿ. ಸವೆದ ಅಡಿಯ ಬೂಟಿನಲ್ಲಿ ಬಂದವರನ್ನು ಅಂದು ಆಡಿಸುವುದಿಲ್ಲ.

ಹಳೆಯ ಕಾಲದ ಕೋಚ್ ಎಂದಾಕ್ಷಣ ಹಳೆಯ ಆಟವನ್ನೇ ಹೇಳಿಕೊಡುತ್ತಾರೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಈಗ ರದ್ದಾಗಿರುವ ಆಫ್‌ಸೈಡ್ ನಿಯಮ ಇದ್ದ ಕಾಲದಲ್ಲಿ ಆಡಿದವರಾದರೂ ಈಗಿನ 15 ನಿಮಿಷಗಳ ನಾಲ್ಕು ಅವಧಿಗಳ ಆಟಕ್ಕೆ ತಕ್ಕಂತೆಯೇ ಓಟದ ಅಭ್ಯಾಸವನ್ನು ತುಂಡುತುಂಡಾಗಿ ಮಾಡಿಸುತ್ತಾರೆ. ಎದುರಾಳಿಯ ತಪ್ಪಿಗೆ ಗೋಲಿನ ಬಳಿ ಸಿಗುವ ಹೊಡೆತದ ಅವಕಾಶವಾದ ಪೆನಾಲ್ಟಿ ಕಾರ್ನರ್‌ನ ಪಾಠವಂತೂ ನೋಡುವಂಥದ್ದು. ಗೋಲಿನ ಸಾಲಿನ ಗೆರೆಯಾದ ಬೇಸ್‌ಲೈನಿನ ಹಿಂದೆ ಗೋಲ್‌ಕೀಪರ್ ಸೇರಿ ಐವರು ಕಾಯುತ್ತಿರುತ್ತಾರೆ. ಬೇಸ್‌ಲೈನಿನಿಂದ ತಳ್ಳಿದ ಚೆಂಡು ಗೋಲಿನ ಮುಂದಿನ ವೃತ್ತದ ಹೊರಗೆ ಹೋಗಿ ಬಂದ ಮೇಲೆಯೇ ಗೋಲಿಗೆ ಹೊಡೆಯಬಹುದು. ಮೊದಲ ಹೊಡೆತ ಹಿಟ್ ಆಗಿದ್ದರೆ ಅದು ಗೋಲಿನೊಳಗಿನ 460 ಮಿಲಿಮೀಟರ್ ಎತ್ತರದ ಹಲಗೆಯನ್ನು ಮೀರಬಾರದು, ಚೆಂಡನ್ನು ಸ್ಟಿಕ್ಕಿನಿಂದ ಎತ್ತಿ ಎಸೆಯುವ ಫ್ಲಿಕ್‌ಗೆ ಆ ಕಟ್ಟು ಇಲ್ಲ. ಚೆಂಡನ್ನು ಎಳೆದುಕೊಂಡು ರಭಸದಿಂದ ಎಸೆಯುವ ಡ್ರ್ಯಾಗ್ ಫ್ಲಿಕ್ ಕಲಿಸಿ ಎಂದು ಮಕ್ಕಳು ಪೀಡಿಸುತ್ತಾರೆ. ಬೆನ್ನು ಬಲಿಯದ ವಯಸ್ಸಿನಲ್ಲಿ ಅದು ಬೇಡವೆಂದು ಹೇಳಿ, ಚೆಂಡು ತಡೆದವಳೇ ಪಕ್ಕಕ್ಕೆ ಜಾರಿಸಿ, ಮೂರನೆಯವಳು ನೆಲಮಟ್ಟದಲ್ಲಿ ಹೊಡೆಯುವ ಎರಡು ಮೂರು ಉಪಾಯಗಳನ್ನು ಅವರು ರೂಢಿ ಮಾಡಿಸುತ್ತಾರೆ. ಕಾಲೇಜು ತಂಡ ಗೆದ್ದದ್ದೂ ಬಹುಮಟ್ಟಿಗೆ ಈ ಉಪಾಯಗಳಿಂದಲೇ ಎಂದು ಅವರ ಹಳೆಯ ಶಿಷ್ಯೆಯರು ಹೇಳುತ್ತಾರೆ.

ಆ ಶಿಷ್ಯೆಯರಲ್ಲಿ ಇಬ್ಬರು ಈಗ ಇಲ್ಲಿಯೇ ಸಹಾಯಕರು. ಶೆಲ್ಟನ್ ನಿವೃತ್ತರಾದಾಗ ಅವರ ಜಾಗಕ್ಕೆ ಬಂದವರು ಅವರದೇ ಆಟಗಾರ್ತಿ ಎರಿನ್ ಮ್ಯಾಟ್ಸನ್. 2023ರಲ್ಲಿ ಕೋಚ್ ಆದ ಮೊದಲ ಹಂಗಾಮಿನಲ್ಲೇ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಇಲ್ಲಿನ ಸಹಾಯಕಿಯರಿಗೆ ಅಂಥ ಸ್ಥಾನಮಾನವೇನೂ ಇಲ್ಲ. ಒಬ್ಬರು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್, ಇನ್ನೊಬ್ಬರು ಬ್ಯಾಂಕ್ ನೌಕರಿಗೆ ಹೋಗುವ ಮುನ್ನ ಬಂದು ಹೋಗುತ್ತಾರೆ. ಆದರೂ ಮೇಷ್ಟ್ರು ಬಾರದ ದಿನ ಪಾಠದಲ್ಲಿ ಕೊರತೆ ಕಾಣಿಸದು. ಕಾಲೇಜಿನ ಕಪಾಟಿನಲ್ಲಿರುವ ಕಪ್ಪುಗಳಿಗಿಂತ ಇದನ್ನೇ ನಾನು ಅವರ ದೊಡ್ಡ ಗಳಿಕೆ ಎನ್ನುತ್ತೇನೆ.

ಕೊರತೆಗಳನ್ನೂ ಹೇಳಬೇಕು. ಎಲ್ಲಕ್ಕಿಂತ ದೊಡ್ಡದು ಟರ್ಫ್, ಎಂದರೆ ಕೃತಕ ಹಾಸಿನ ಮೈದಾನ, ಇಲ್ಲದಿರುವುದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದೀಚೆಗೆ ಮೇಲ್ಮಟ್ಟದ ಹಾಕಿ ಕೃತಕ ಹಾಸಿನ ಮೇಲೆಯೇ ನಡೆಯುತ್ತಿದೆ. ಮಣ್ಣಿನಲ್ಲಿ ಕಲಿತ ಮಕ್ಕಳು ಬೆಂಗಳೂರಿಗೋ ಮೈಸೂರಿಗೋ ಹೋಗಿ ಟರ್ಫ್ ಮೇಲೆ ನಿಂತರೆ ಚೆಂಡಿನ ವೇಗಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಪಂದ್ಯ ಕೈಬಿಟ್ಟಿರುತ್ತದೆ. ಅದಕ್ಕೆ ಮೇಷ್ಟ್ರು ಹೊಣೆಯಲ್ಲ, ಆದರೆ ರಾಜ್ಯ ತಂಡದ ಆಯ್ಕೆಯನ್ನೇ ಗುರಿಯಾಗಿಟ್ಟುಕೊಂಡವರು ಇದನ್ನು ತಿಳಿದೇ ಸೇರಬೇಕು. ಎರಡನೆಯದು ನಮ್ಮ ಮಳೆ. ಜೂನ್ ಬಂತೆಂದರೆ ಮೈದಾನ ಕೆಸರುಗದ್ದೆ. ಆಗ ಸಭಾಂಗಣವೊಂದರ ಸಿಮೆಂಟು ನೆಲದ ಮೇಲೆ ವ್ಯಾಯಾಮ, ಡ್ರಿಬ್ಲಿಂಗ್ ನಡೆಯುತ್ತವೆ, ಶುಲ್ಕ ಮಾತ್ರ ಇಳಿಯುವುದಿಲ್ಲ. ಇದು ಸರಿಯೆನಿಸಲಿಲ್ಲ, ಅವರಿಗೂ ಹೇಳಿದ್ದೇನೆ. ಇನ್ನು, ಅಭ್ಯಾಸ ರದ್ದಾದ ಸುದ್ದಿ ವಾಟ್ಸಾಪ್ ಗುಂಪಿಗೆ ಬರುವ ಹೊತ್ತಿಗೆ ದೂರದ ಮಕ್ಕಳು ಬಸ್ ಹತ್ತಿಯಾಗಿರುತ್ತದೆ.

ಬೇಗ ಫಲ ಬೇಕೆನ್ನುವ ಪೋಷಕರಿಗೆ ಈ ಜಾಗ ಹೊಂದುವುದಿಲ್ಲ. ಪಂದ್ಯದಲ್ಲಿ ಎಲ್ಲರನ್ನೂ ಸರದಿಯಂತೆ ಆಡಿಸುವುದರಿಂದ ಚೆನ್ನಾಗಿ ಆಡುವ ಮಗುವಿನ ತಂದೆ ತಾಯಿಗೆ ಒಮ್ಮೊಮ್ಮೆ ಸಿಟ್ಟೂ ಬರುತ್ತದೆ. ಆದರೆ ಆಟದ ಅಡಿಪಾಯ ಗಟ್ಟಿಯಾಗಬೇಕು ಎನ್ನುವವರು ಹಿಂಜರಿಯದೆ ಸೇರಿಸಬಹುದು. ಹೊಸಬರನ್ನು ಸೇರಿಸಿಕೊಳ್ಳುವುದು ಏಪ್ರಿಲ್ ರಜೆಯಲ್ಲಿ ಮತ್ತು ದಸರೆಯ ನಂತರ. ಮಗುವಿಗೆ ಗೋಲ್‌ಕೀಪರ್ ಆಗುವ ಆಸೆಯಿದ್ದರೆ ಮೊದಲೇ ತಿಳಿಸಿ: ಅಲ್ಲಿರುವ ಪ್ಯಾಡು, ಹೆಲ್ಮೆಟ್ಟುಗಳು ದೊಡ್ಡವರ ಅಳತೆಯವು, ಚಿಕ್ಕ ಅಳತೆಯ ಸಾಮಾನು ತರಿಸಲು ಅವರಿಗೆ ಕೆಲವು ವಾರ ಬೇಕಾಗುತ್ತದೆ.