ಸೀಸ ಹಿಡಿದ ರಿವಾಲ್ವರ್‌ಗೆ ಕೊಬ್ಬರಿ ಎಣ್ಣೆಯ ಮದ್ದು ಬೇಡ

ಕಾರವಾರದ ಕಡೆಯ ಒಂದು .32 ರಿವಾಲ್ವರ್‌ನ ಬ್ಯಾರಲ್‌ಗೆ ಬೆಳಕು ಬಿಟ್ಟು ನೋಡಿದರೆ ನಡುಮಧ್ಯೆ ಒಂದು ಕಪ್ಪು ಬಳೆ ಕಾಣುತ್ತದೆ. ಹೊರಗಿನಿಂದ ಬೆರಳಾಡಿಸಿದರೆ ಅದೇ ಜಾಗದಲ್ಲಿ ಸಣ್ಣ ಉಬ್ಬು ಸಿಗುತ್ತದೆ. ಮೂರಿಂಚಿನ ಬ್ಯಾರಲ್, ಅರ್ಧಕ್ಕೆ ಒಂದು ಗುಂಡು ಸಿಕ್ಕಿಕೊಂಡಿತ್ತು, ಹಿಂದಿನಿಂದ ಇನ್ನೊಂದು ಬಂದು ಗುದ್ದಿತು. ಹಿಡಿದವರ ಕೈಗೆ ಏನೂ ಆಗಲಿಲ್ಲ, ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು. ಆದರೆ ತಪ್ಪು ನಡೆದದ್ದು ಆ ದಿನ ಅಲ್ಲ. ಮಳೆಗಾಲಕ್ಕೂ ಮೊದಲೇ, ಬ್ಯಾರಲ್‌ಗೆ ಸೀಸ ಹಿಡಿಯದಿರಲಿ ಎಂದು ಮಾಡಿದ ಮನೆಮದ್ದಿನಲ್ಲಿ.

ನಡೆದದ್ದು ಇಷ್ಟು. ತಾಮ್ರದ ಹೊದಿಕೆ ಇಲ್ಲದ ಬರೀ ಸೀಸದ ಗುಂಡು. ಐವತ್ತು ಈಡು ಆಗುವಷ್ಟರಲ್ಲಿ ಬ್ಯಾರಲ್‌ನ ಹಿಂಬದಿಯಲ್ಲಿ ಬೂದು ಪದರ ಕೂತಿತು, ಗುರಿ ಹಾಳೆಯ ಮೇಲೆ ತೂತುಗಳು ಚದುರಿದವು. ಯಾರೋ ಹೇಳಿದರು, ತೋಟಾದ ತಲೆಗೆ ಜೇನುಮೇಣ ಸವರಿ, ಮೈಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಒರೆಸಿಡಿ, ಜಾರಿಕೊಂಡು ಹೋಗುತ್ತದೆ ಎಂದು. ಶಿರಸಿಯ ಕಡೆ ಮೇಣಕ್ಕೆ ಬರವಿಲ್ಲ, ಕಾರವಾರದಲ್ಲಿ ಕೊಬ್ಬರಿ ಎಣ್ಣೆಗಂತೂ ಕೇಳಬೇಡಿ. ಹಾಗೆ ಎಣ್ಣೆ ಕುಡಿದ ತೋಟಾಗಳು ಕಬ್ಬಿಣದ ಕಪಾಟಿನಲ್ಲಿ ಇಡೀ ಮಳೆಗಾಲ ಕೂತವು. ಆಮೇಲೆ ರೇಂಜ್‌ನಲ್ಲಿ ಮೊದಲ ಎರಡು ಸರಿಯಾಗಿ ಹೋದವು. ಮೂರನೆಯದು ‘ಟುಪ್’ ಎಂದಿತು, ಕೈಗೆ ಒದೆಯೇ ಸಿಗಲಿಲ್ಲ. ಮದ್ದಿಗೆ ಕಿಡಿ ಕೊಡುವ ಕೇಪು ಹಳತಾಗಿರಬೇಕು ಎಂದುಕೊಂಡು ನಾಲ್ಕನೆಯದನ್ನು ಎಳೆದರು.

ಎಣ್ಣೆ ಮಾಡಿದ್ದೇನು? ತೋಟಾದ ತಳದಲ್ಲಿ ಕೇಪು ಕೂತಿರುವ ಸಂದು ಕೂದಲೆಳೆಯಷ್ಟು. ಆ ಸಂದಿಗೆ ಬಳಿದ ಅರಗು ಎಲ್ಲ ತೋಟಾಗಳಲ್ಲೂ ಬಿಗಿಯಾಗಿರುವುದಿಲ್ಲ. ತಿಂಗಳುಗಟ್ಟಲೆ ಎಣ್ಣೆ ಅಲ್ಲಿ ನಿಂತರೆ ಒಳಗಿಳಿದು ಕೇಪಿನ ಮಸಾಲೆಯನ್ನೋ ಮದ್ದನ್ನೋ ನೆನೆಸುತ್ತದೆ. ಪೂರ್ತಿ ಸತ್ತರೆ ಒಳ್ಳೆಯದು, ಬರೀ ‘ಟಕ್’ ಎನ್ನುತ್ತದೆ. ಅರ್ಧ ಸತ್ತರೆ ಅಪಾಯ: ಗುಂಡನ್ನು ಬ್ಯಾರಲ್‌ಗೆ ನೂಕುವಷ್ಟು ಒತ್ತಡ ಬರುತ್ತದೆ, ಹೊರಗೆ ದಾಟಿಸುವಷ್ಟು ಬರುವುದಿಲ್ಲ. ಒಳಗೆ ಸೀಸದ ಪದರ ಇದ್ದರೆ ಸಿಕ್ಕಿಕೊಳ್ಳುವುದು ಇನ್ನೂ ಸಲೀಸು. ಎಣ್ಣೆ ಹಚ್ಚಿದ ತೋಟಾ ಸರಿಯಾಗಿ ಸಿಡಿದರೂ ತೊಂದರೆ ತಪ್ಪಿದ್ದಲ್ಲ. ಸಿಡಿದಾಗ ಹಿತ್ತಾಳೆ ಚಿಪ್ಪು ಉಬ್ಬಿ, ತಿರುಗುವ ಸಿಲಿಂಡರ್‌ನಲ್ಲಿ ತೋಟಾ ಕೂರುವ ಕೋಣೆಯ ಗೋಡೆಗೆ ಕಚ್ಚಿಕೊಂಡು ಒತ್ತಡದ ಒಂದು ಪಾಲನ್ನು ತಾಳಿಕೊಳ್ಳಬೇಕು. ಗೋಡೆ ಜಾರುತ್ತಿದ್ದರೆ ಆ ಪಾಲೂ ಹಿಂದಿನ ಚೌಕಟ್ಟಿನ ಮೇಲೆ ಬೀಳುತ್ತದೆ. ನಡು ಮುರಿದು ತೆರೆಯುವ ವೆಬ್ಲಿ ಮಾದರಿಯ ರಿವಾಲ್ವರ್‌ಗಳಲ್ಲಿ ಅದು ಕೊಂಡಿಯನ್ನು ಸಡಿಲಿಸುವ ದಾರಿ.

ಇಷ್ಟೆಲ್ಲ ಮಾಡಿದರೂ ಸೀಸ ಹಿಡಿಯುವುದು ನಿಲ್ಲುವುದಿಲ್ಲ, ಯಾಕೆಂದರೆ ಕಾರಣ ಬೇರೆ ಕಡೆ ಇದೆ. 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯಲ್ಲಿ ಇದೇ .32 ಅಳತೆಯ ಮೆತ್ತನೆ ಸೀಸದ ಗುಂಡುಗಳನ್ನು ಸಾವಿರಗಟ್ಟಲೆ ಹೊಡೆಯುತ್ತಾರೆ, ಬ್ಯಾರಲ್ ಹೊಳೆಯುತ್ತಲೇ ಇರುತ್ತದೆ. ಕೆಟ್ಟದ್ದು ಸೀಸ ಅಲ್ಲ, ಸಂದು. ಗುಂಡು ಬ್ಯಾರಲ್‌ಗಿಂತ ಚಿಕ್ಕದಾಗಿದ್ದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ, ಗ್ಯಾಸ್ ಕಟರ್ ಕಬ್ಬಿಣ ಕೊಯ್ದ ಹಾಗೆ, ಗುಂಡಿನ ಅಂಚನ್ನು ಕರಗಿಸಿ ಮುಂದೆ ಗೋಡೆಗೆ ಬಳಿಯುತ್ತದೆ.

ಎಲ್ಲಿ ಹಿಡಿದಿದೆ ಎಂದು ನೋಡಿದರೆ ಅರ್ಧ ರೋಗ ತಿಳಿಯುತ್ತದೆ. ಸಿಲಿಂಡರ್ ದಾಟಿದ ಕೂಡಲೇ, ಬ್ಯಾರಲ್ ಶುರುವಾಗುವ ಕಡೆಯ ಇಳಿಜಾರು ಕಂಠ, ಅಂದರೆ ಫೋರ್ಸಿಂಗ್ ಕೋನ್‌ನಲ್ಲಿ ಮತ್ತು ಮೊದಲ ಅರ್ಧ ಇಂಚಿನಲ್ಲಿ ಹಿಡಿದಿದ್ದರೆ ಅಳತೆಯ ದೋಷ. ಬಾಯಿಯ ಕಡೆ ಮಾತ್ರ ಹಿಡಿದಿದ್ದರೆ ಗುಂಡಿನ ಗೆರೆಗಳಲ್ಲಿ ತುಂಬಿದ ಮೇಣ ದಾರಿಯಲ್ಲೇ ಮುಗಿದಿದೆ. ಮೇಣ ಸಾಕಷ್ಟಿದ್ದರೆ ಬ್ಯಾರಲ್ ಬಾಯಿಯ ಸುತ್ತ ಜಿಡ್ಡು ಜಿಡ್ಡಾದ ಕಪ್ಪು ನಕ್ಷತ್ರ ಮೂಡುತ್ತದೆ. ಅದನ್ನು ಕೊಳೆ ಎಂದು ಬೈಯಬೇಡಿ. ರೈಫ್ಲಿಂಗ್‌ನ, ಅಂದರೆ ಬ್ಯಾರಲ್ ಒಳಗಿನ ಸುರುಳಿ ಗೆರೆಗಳ, ದಂಡೆಯ ಒಂದೇ ಬದಿಗೆ ಹಿಡಿದಿದ್ದರೆ ಗುಂಡು ತಿರುಗದೆ ಜಾರುತ್ತಿದೆ. ಇಡೀ ಬ್ಯಾರಲ್‌ನ ಒಂದು ಪಕ್ಕಕ್ಕೆ ಮಾತ್ರ ಸೀಸ ಕೂತು, ಸಿಲಿಂಡರ್ ಸಂದಿನಿಂದ ಚೂರು ಸಿಡಿಯುತ್ತಿದ್ದರೆ ಕೋಣೆಯೂ ಬ್ಯಾರಲ್ಲೂ ಒಂದೇ ನೇರಕ್ಕೆ ನಿಲ್ಲುತ್ತಿಲ್ಲ. ಆಗ ಒಂದು ಈಡೂ ಹೊಡೆಯದೆ ದುರಸ್ತಿಗೆ ಕೊಡಿ.

ಅಳತೆಯ ಲೆಕ್ಕ ಹೀಗೆ. .32 ಎಸ್ ಅಂಡ್ ಡಬ್ಲ್ಯು ಲಾಂಗ್‌ನ ಸೀಸದ ಗುಂಡು 0.312 ರಿಂದ 0.314 ಇಂಚು, ಬ್ಯಾರಲ್‌ನ ಗೆರೆಯ ತಳದ ಅಳತೆ ಸುಮಾರು 0.312. ಗುಂಡು ಬ್ಯಾರಲ್‌ಗಿಂತ ಒಂದು ಥೌ, ಅಂದರೆ ಇಂಚಿನ ಸಾವಿರದ ಒಂದು ಪಾಲು, ದಪ್ಪ ಇರಬೇಕು. ಆದರೆ ರಿವಾಲ್ವರ್‌ನಲ್ಲಿ ಬ್ಯಾರಲ್‌ಗಿಂತ ಮೊದಲು ಇನ್ನೊಂದು ಬಾಗಿಲಿದೆ: ಸಿಲಿಂಡರ್‌ನ ಆರು ಕೋಣೆಗಳ ಮುಂದಿನ ಕುತ್ತಿಗೆ. ಕುತ್ತಿಗೆ 0.310 ಇದ್ದರೆ ನೀವು ಎಂಥ ದಪ್ಪ ಗುಂಡು ಹಾಕಿದರೂ ಅಲ್ಲೇ ಹಿಂಡಿ ಸಣ್ಣದಾಗಿ, 0.312ರ ಬ್ಯಾರಲ್‌ಗೆ ಸಡಿಲ ಬೀಳುತ್ತದೆ. ಆರರಲ್ಲಿ ಎರಡೇ ಕೋಣೆ ಹೀಗಿದ್ದರೂ ಬ್ಯಾರಲ್ ಪೂರ್ತಿ ಕೆಡುತ್ತದೆ. ಬಹಳ ಮಂದಿ ನೋಡದೆ ಬಿಡುವುದು ಇದನ್ನೇ. ಪರವಾನಗಿ ಇರುವ ದುರಸ್ತಿಗಾರರು ಮೆತ್ತನೆ ಸೀಸದ ತುಂಡನ್ನು ಒಳಗೆ ನೂಕಿ, ಹೊರಬಂದ ಅಚ್ಚನ್ನು ಅಳೆಯುತ್ತಾರೆ. ಮೈಕ್ರೋಮೀಟರ್‌ನಿಂದ ಅಳೆಯಲು ಹೇಳಿ. ಒಂದು ಥೌ ಎಂದರೆ 0.025 ಮಿಲಿಮೀಟರ್, ಲೇಥ್ ಅಂಗಡಿಯ ವರ್ನಿಯರ್‌ನ ಕನಿಷ್ಠ ಗೆರೆಯೇ 0.02, ಅದರಲ್ಲಿ ಅಳೆಯುವುದು ಮೊಳಗೋಲಿನಲ್ಲಿ ಅಡಿಕೆ ಅಳೆದಂತೆ. ಬ್ಯಾರಲ್‌ನಲ್ಲಿ ಐದು ಗೆರೆಗಳಿದ್ದರೆ ಸಾದಾ ಮೈಕ್ರೋಮೀಟರ್ ಕೂಡ ಸುಳ್ಳು ಹೇಳುತ್ತದೆ, ಗೆರೆಗಳು ಎದುರುಬದುರು ಬರುವುದಿಲ್ಲ. ವಿ ಆಕಾರದ ಅಡೆಗಲ್ಲು ಇರುವ ಮೈಕ್ರೋಮೀಟರ್ ಬೇಕು. ಇದಕ್ಕಾಗಿ ಮನೆಯಲ್ಲಿ ತೋಟಾ ಬಿಚ್ಚಲು ಕೂರಬೇಡಿ.

ಗಟ್ಟಿ ಸೀಸ ಇದ್ದರೆ ಹಿಡಿಯುವುದಿಲ್ಲ ಎಂಬುದು ಎಲ್ಲೆಡೆ ಕೇಳುವ ಮಾತು. ಈ ತೋಟಾದ ಒತ್ತಡಕ್ಕೆ ಅದು ಉಲ್ಟಾ. ಶುದ್ಧ ಸೀಸದ ಬ್ರಿನೆಲ್ ಗಡಸುತನ ಸುಮಾರು 5. .32 ಲಾಂಗ್‌ನ ಗರಿಷ್ಠ ಒತ್ತಡ ಚದರ ಇಂಚಿಗೆ 15,000 ಪೌಂಡ್, ಅದಕ್ಕೆ 10–11 ಗಡಸುತನ ಬೇಕಾದಷ್ಟಾಯಿತು. 20 ದಾಟಿದ ಗುಂಡು ಈ ಒತ್ತಡಕ್ಕೆ ಹಿಂಬದಿ ಹಿಗ್ಗಿ ಸಂದು ಮುಚ್ಚುವುದೇ ಇಲ್ಲ.

ಇನ್ನು ಬಲೆಗೆ ಸೀಸ ಎರಕ ಹೊಯ್ಯುವವರು ಊರಲ್ಲೇ ಇದ್ದಾರಲ್ಲ, ಅಳತೆಗೆ ಬೇಕಾದ ಗುಂಡನ್ನೇ ಹೊಯ್ಸಿಬಿಡೋಣ ಎಂಬ ಆಲೋಚನೆ ಬಂದರೆ ಅಲ್ಲಿಗೇ ಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ತಯಾರಿಕೆಗೆ ಬೇರೆಯೇ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ಸಾಲದು.

ಹಿಡಿದ ಸೀಸ ತೆಗೆಯಲು ಸಮಾಧಾನ ಬೇಕು. ತೋಟಾಗಳನ್ನು ತೆಗೆದು ಮನೆಯ ಬೇರೆ ಕೋಣೆಯಲ್ಲಿಟ್ಟು, ಸಿಲಿಂಡರ್‌ನ ಆರೂ ಕೋಣೆ ಖಾಲಿ ಎಂದು ಬೆರಳಿಟ್ಟು ನೋಡಿ. ಒಳಗೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ರಾತ್ರಿಯಿಡೀ ಇಡಿ. ಬೆಳಗ್ಗೆ ಕಂಚಿನ ಬ್ರಷ್‌ಗೆ ಶುದ್ಧ ತಾಮ್ರದ ನಾರು ಸುತ್ತಿ, ಹಿಂಬದಿಯಿಂದ ಹಾಕಿ ಪೂರ್ತಿ ಹೊರಗೆ ದಾಟಿಸಿ. ನಡುವೆ ಹಿಂದೆಮುಂದೆ ಎಳೆಯಬೇಡಿ. ನಡು ಮುರಿಯುವ ಮಾದರಿಯಲ್ಲಿ ಹಿಂಬದಿಯಿಂದ ಹಾಕಲು ಬರುತ್ತದೆ. ಉಳಿದವುಗಳಲ್ಲಿ ಬಾಯಿಂದಲೇ ಹಾಕಬೇಕು, ಆಗ ಕೋಲು ಬಾಯಂಚನ್ನು ಉಜ್ಜದಂತೆ ಹಿತ್ತಾಳೆ ಗೈಡ್ ಬೇಕು. ಪೇಟೆಯಲ್ಲಿ ತಾಮ್ರದ ಬಣ್ಣದ ಪಾತ್ರೆ ತಿಕ್ಕುವ ನಾರು ಸಿಗುತ್ತದೆ, ಕೊಳ್ಳುವ ಮೊದಲು ಆಯಸ್ಕಾಂತ ಹಿಡಿದು ನೋಡಿ: ಅಂಟಿದರೆ ಅದು ತಾಮ್ರ ಲೇಪಿಸಿದ ಉಕ್ಕು, ರೈಫ್ಲಿಂಗ್ ಗೀರುತ್ತದೆ. ತಾಮ್ರ ತೆಗೆಯುವ ಅಮೋನಿಯಾ ದ್ರಾವಣಕ್ಕೆ ಸೀಸ ಜಗ್ಗುವುದಿಲ್ಲ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದರೆ ಸೀಸ ಕರಗುವುದು ನಿಜ, ಆದರೆ ಆಗುವುದು ಲೆಡ್ ಅಸಿಟೇಟ್ ಎಂಬ ವಿಷ, ಜೊತೆಗೆ ಉಕ್ಕೂ ತಿಂದುಹೋಗುತ್ತದೆ. ಹೊದಿಕೆಯ ಗುಂಡು ನಾಲ್ಕು ಹೊಡೆದರೆ ಸೀಸ ಒರೆಸಿಕೊಂಡು ಹೋಗುತ್ತದೆ ಎಂಬ ಸಲಹೆಯನ್ನೂ ಕೇಳಬೇಡಿ. ಸೀಸ ಇನ್ನಷ್ಟು ಇಸ್ತ್ರಿಯಾಗಿ ಕೂರುತ್ತದೆ, ಒತ್ತಡವೂ ಏರುತ್ತದೆ. ಉಜ್ಜಿದ ಬಟ್ಟೆ, ಕೆಳಗೆ ಹಾಸಿದ ಪೇಪರ್ ಎರಡನ್ನೂ ಕಟ್ಟಿ ಬಿಸಾಡಿ. ಬಚ್ಚಲ ಒಲೆಗೆ ಹಾಕಿದರೆ ಮನೆಯವರೆಲ್ಲ ಸೀಸದ ಹೊಗೆ ಕುಡಿಯುತ್ತಾರೆ.

ಘಟ್ಟದ ಕೆಳಗೆ ಉಪ್ಪುಗಾಳಿ, ಮೇಲೆ ತಿಂಗಳುಗಟ್ಟಲೆ ಜಡಿಮಳೆ. ಸೀಸದ ಪದರದಡಿ ಸಿಕ್ಕ ತೇವ ಒಣಗುವುದಿಲ್ಲ, ಪದರ ಬಿಡಿಸಿದಾಗ ತುಕ್ಕಿನ ಗುಳಿ ಕಾಣುತ್ತದೆ, ಆ ಗುಳಿಗೆ ಮತ್ತೆ ಸೀಸ ಹಿಡಿಯುತ್ತದೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವ ಕೋವಿಗಳಿಗೂ ಇದೇ ಗತಿ. ಒಪ್ಪಿಸುವ ಮೊದಲು ಸೀಸ ಪೂರ್ತಿ ತೆಗೆದು, ತೆಳುವಾಗಿ ಗನ್ ಆಯಿಲ್ ಸವರಿ. ಕೊಬ್ಬರಿ ಎಣ್ಣೆಯಲ್ಲ, ಅದು ಅಂಟಾಗುತ್ತದೆ. ಚರ್ಮದ ಚೀಲದಲ್ಲಿ ಹಾಕಿ ಕೊಡಬೇಡಿ. ವಾಪಸು ಬಂದ ಮೇಲೆ ಮೊದಲ ಈಡಿಗೆ ಮುಂಚೆ ಬ್ಯಾರಲ್ ಮತ್ತು ಕೋಣೆಗಳ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿ.

‘ಟುಪ್’ ಎಂದರೆ, ಒದೆ ಕಡಿಮೆ ಅನ್ನಿಸಿದರೆ, ಹಾಳೆಯಲ್ಲಿ ಒಂದು ತೂತು ಕಮ್ಮಿ ಬಿದ್ದರೆ ಬೆರಳು ತೆಗೆಯಿರಿ. ಬಾಯನ್ನು ಗುರಿಯತ್ತಲೇ ಹಿಡಿದು ಮೂವತ್ತು ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯುವುದೂ ಉಂಟು. ಆಮೇಲೆ ಖಾಲಿ ಮಾಡಿ, ಬ್ಯಾರಲ್ಲಿಗೆ ಕೋಲು ಇಳಿಸಿ ನೋಡಿ. ಸಿಕ್ಕಿಕೊಂಡಿದ್ದರೆ ಇನ್ನೊಂದು ಈಡಿನಿಂದ ನೂಕುವ, ಕಬ್ಬಿಣದ ಸರಳಿನಿಂದ ಹೊಡೆಯುವ ಸಾಹಸ ಬೇಡ.

ಆ ರಿವಾಲ್ವರ್‌ಗೆ ಈಗ ಉಬ್ಬಿರುವ ಕಡೆಯಿಂದ ಬ್ಯಾರಲ್ ಕತ್ತರಿಸಿ ಗಿಡ್ಡ ಮಾಡಿಕೊಡುತ್ತೇವೆ ಎಂಬ ಸಲಹೆ ಬಂದಿದೆಯಂತೆ. ಪರವಾನಗಿ ಇಲ್ಲದೆ ಬ್ಯಾರಲ್ ಗಿಡ್ಡ ಮಾಡುವುದು ಅದೇ ಕಾಯ್ದೆಯ 6ನೇ ಕಲಮಿನ ಅಪರಾಧ.