ಒಣ ಪೋರ್ಚಿನಿ ಅಣಬೆ: ಪಾಸ್ತಾ ಸಾಸ್‌ಗೆ ಕೊಳ್ಳಬಹುದೇ?

ಇಟಲಿ ಅಡುಗೆಯ ಈ ಕಾಡು ಅಣಬೆ ದುಬಾರಿ ನಿಜ, ಆದರೆ ಇಬ್ಬರ ಸಾಸ್‌ಗೆ 15 ಗ್ರಾಂ ಸಾಕು. ಜೊತೆಗೆ 200 ಗ್ರಾಂ ಬಟನ್ ಅಣಬೆ. ಪ್ಯಾಕೆಟ್ ತಳದಲ್ಲಿ ಪುಡಿಯೇ ಹೆಚ್ಚಿದ್ದರೆ ಕೊಳ್ಳಬೇಡಿ. 250 ಮಿ.ಲೀ. ಬಿಸಿನೀರಲ್ಲಿ 25 ನಿಮಿಷ ನೆನೆಸಿ, ಹಿಂಡಿ ತೆಗೆಯಿರಿ. ಆ ಕಂದು ನೀರನ್ನು ಚೆಲ್ಲಬೇಡಿ, ಮಾಂಸದ ಸಾರಿನ ಕೆಲಸ ಮಾಡುವುದು ಅದೇ. ಅದರಲ್ಲಿ ಮರಳು ಇರುತ್ತದೆ, ಬಟ್ಟೆಯಲ್ಲಿ ಸೋಸಲೇಬೇಕು.

ಬಟನ್ ಅಣಬೆಯನ್ನು ಜೋರು ಉರಿಯಲ್ಲಿ ಎರಡು ಸಲವಾಗಿ ಹುರಿಯಿರಿ; ಒಟ್ಟಿಗೆ ತುಂಬಿದರೆ ನೀರು ಬಿಟ್ಟು ಬೇಯುತ್ತದೆ, ಕೆಂಪಗಾಗುವುದಿಲ್ಲ. ಆಮೇಲೆ ಬೆಳ್ಳುಳ್ಳಿ, ಪೋರ್ಚಿನಿ, ಸೋಸಿದ ನೀರು. ಅರ್ಧಕ್ಕೆ ಬತ್ತಿದ ಮೇಲೆ ಪಾಸ್ತಾ ಬೇಯಿಸಿದ ನೀರು ಒಂದು ಸೌಟು. ಕ್ರೀಮ್ ಸುರಿದರೆ ಪರಿಮಳ ಮುಚ್ಚಿಹೋಗುತ್ತದೆ, ದುಡ್ಡು ದಂಡ.

ಅಂದ ಹಾಗೆ, ಪಾಸ್ತಾ ಮೇಲೆ ತುರಿದು ಹಾಕುವ ಅಸಲಿ ಪಾರ್ಮಿಜಾನೊ ರೆಜಾನೊ ಚೀಸ್‌ಗೆ ಕರುವಿನ ರೆನೆಟ್ (ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆಯುವ ಕಿಣ್ವ) ಬಳಸುತ್ತಾರೆ. ಸಸ್ಯಾಹಾರಿಗಳು ಹಸಿರು ಚುಕ್ಕಿಯ ಚೀಸ್ ನೋಡಿ ಕೊಳ್ಳಿ.