ವಿದೇಶಿಯರ ಜಾಮೀನು ಷರತ್ತುಗಳು: ಯಾವುದಕ್ಕೆ ಎಷ್ಟು ಸ್ಟಾರ್?

ಬೆಂಗಳೂರಿನ ಕೋರ್ಟ್ ಪಕ್ಕ ಜಾಮೀನು ಅರ್ಜಿ ಟೈಪ್ ಮಾಡುವುದು ನನ್ನ ಕೆಲಸ. ವಿದೇಶಿ ಆರೋಪಿಗಳ ಆದೇಶಗಳೂ ಕೈಗೆ ಬರುತ್ತಿರುತ್ತವೆ. ಜಾಮೀನು ಸಿಕ್ತು ಅಂತ ಖುಷಿಪಟ್ಟವರು ಷರತ್ತಿನ ಪುಟ ಓದಿ ಸುಮ್ಮನಾಗಿಬಿಡುತ್ತಾರೆ. ಅದಕ್ಕೇ ಷರತ್ತುಗಳಿಗೇ ಒಂದು ರಿವ್ಯೂ. ನಾನು ನೋಡುವುದು ಇಷ್ಟೇ: ಹೇಳಿದ್ದನ್ನು ಆರೋಪಿ ತಾನೇ ಮಾಡಿ ಮುಗಿಸಬಹುದಾ, ಅದರಿಂದ ಅವನು ವಾಯಿದೆಗೆ ಬರ್ತಾನಾ?

ಮೊದಲು ಗೂಗಲ್ ಮ್ಯಾಪ್ ಪಿನ್. ಒಂದು ಸ್ಟಾರ್, ಅದೂ ಜಾಸ್ತಿ. ಇದು ದೆಹಲಿಯ ಕೇಸು. ಡ್ರಗ್ಸ್ ಪ್ರಕರಣದಲ್ಲಿ 2014ರಲ್ಲಿ ಬಂಧನವಾದ ನೈಜೀರಿಯಾದ ಒಬ್ಬರಿಗೆ 2022ರಲ್ಲಿ ಹೈಕೋರ್ಟ್ ಜಾಮೀನು ಕೊಟ್ಟಿತು. ಎಂಟು ವರ್ಷ ಒಳಗಿದ್ದ ಮೇಲೆ! 1 ಲಕ್ಷದ ಬಾಂಡ್, ಇಬ್ಬರು ಶ್ಯೂರಿಟಿ (ಜಾಮೀನುದಾರರು), ಜೊತೆಗೆ ತನಿಖಾಧಿಕಾರಿಗೆ ಕಾಣುವ ಹಾಗೆ ಮ್ಯಾಪಿನಲ್ಲಿ ಪಿನ್ ಹಾಕಬೇಕು ಅಂತ ಷರತ್ತು. ನೀವೇ ಮಾಡಿ ನೋಡಿ. ಮ್ಯಾಪ್ ತೆರೆದು, ಹಂಪಿ ಹುಡುಕಿ, ವಿರೂಪಾಕ್ಷ ಗುಡಿ ಮೇಲೆ ಬೆರಳು ಒತ್ತಿ ಹಿಡಿಯಿರಿ. ಕೆಂಪು ಪಿನ್ ಬೀಳುತ್ತದೆ. ನೀವು ಕೂತಿರುವುದು ಯಶವಂತಪುರದಲ್ಲಿ. ಕೊನೆಗೆ ಗೂಗಲ್ ಕಂಪನಿಯೇ ಸುಪ್ರೀಂ ಕೋರ್ಟಿಗೆ ಅಫಿಡವಿಟ್ ಕೊಟ್ಟು, ಪಿನ್‌ನಿಂದ ಆಳು ಈಗ ಎಲ್ಲಿದ್ದಾನೆ ಅಂತ ಹಿಂಬಾಲಿಸಲು ಆಗಲ್ಲ ಎಂದಿತು. 2024ರ ಜುಲೈ 8ರಂದು ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ, ಉಜ್ಜಲ್ ಭುಯಾನ್ ಅವರ ಪೀಠ ಆ ಷರತ್ತನ್ನು ತೆಗೆದುಹಾಕಿತು. ಪಿನ್ ಕಥೆ ಬಿಡಿ, ಜಾಮೀನಿನ ಮೇಲೆ ಹೊರಗಿರುವವರ ಪ್ರತಿ ಓಡಾಟವನ್ನೂ ಪೊಲೀಸರು ನೋಡುತ್ತಾ ಕೂರುವಂಥ ಯಾವ ಷರತ್ತೂ ಸಲ್ಲದು, ಅದು ಸಂವಿಧಾನದ 21ನೇ ವಿಧಿ ಕೊಟ್ಟ ಖಾಸಗಿತನಕ್ಕೆ ಧಕ್ಕೆ ಅಂತಲೂ ಹೇಳಿತು.

ಎಂಬಸಿ ಪತ್ರಕ್ಕೆ ಸೊನ್ನೆ. ಈತ ದೇಶ ಬಿಟ್ಟು ಹೋಗಲ್ಲ, ಕೋರ್ಟಿಗೆ ಬರ್ತಾನೆ ಅಂತ ಅವರ ದೇಶದ ಎಂಬಸಿ ಬರೆದುಕೊಡಬೇಕಂತೆ. ಆ ಆಫೀಸಿಗೆ ಇವನ ಮೇಲೆ ಏನು ಹಿಡಿತ ಇದೆ? ಪತ್ರ ಕೊಡದವರು ಅವರು, ಜೈಲಲ್ಲಿ ಕೂರುವವನು ಇವನು. 1994ರಲ್ಲಿ, ವರ್ಷಗಟ್ಟಲೆ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದ ಎನ್‌ಡಿಪಿಎಸ್ (ಮಾದಕವಸ್ತು ಕಾಯ್ದೆ) ಕೈದಿಗಳನ್ನು ಬಿಡಲು ಸುಪ್ರೀಂ ಕೋರ್ಟ್ ಆ ಒಂದು ಸಲಕ್ಕೆ ಅಂತ ಮಾಡಿದ್ದ ಏರ್ಪಾಡು ಇದು. ಆಮೇಲೆ ಆದೇಶದಿಂದ ಆದೇಶಕ್ಕೆ ಕಾಪಿ ಆಗುತ್ತಾ ಬಂತು. ಎಲ್ಲ ಕೇಸಿಗೂ ಇದು ಬೇಕಿಲ್ಲ, ಹಾಕಿದ್ದರೂ ಏಳು ದಿನದ ಆಸುಪಾಸಿನಲ್ಲಿ ಪತ್ರ ಬರದಿದ್ದರೆ ಕೋರ್ಟ್ ಅದನ್ನು ಕೈಬಿಡಬಹುದು ಅಂತ 2024ರ ಅದೇ ತೀರ್ಪು ಹೇಳಿದೆ. ಬದಲಿಗೆ ಪಾಸ್‌ಪೋರ್ಟ್ ಒಪ್ಪಿಸು, ಠಾಣೆಗೆ ಹಾಜರಿ ಹಾಕು ಎನ್ನಬಹುದು.

ಆ ಜೋಡಿಗೆ ನಾಲ್ಕು ಸ್ಟಾರ್. ಠಾಣೆಗೆ ಹೋಗಿ ಸಹಿ ಹಾಕುವುದು ಅವನ ಕೈಯಲ್ಲೇ ಇದೆ, ತಪ್ಪಿಸಿದರೆ ಅವತ್ತೇ ಗೊತ್ತಾಗುತ್ತದೆ. ಓಡಿಹೋಗುವವರೂ ಇದ್ದಾರೆ, ಇಲ್ಲ ಅನ್ನಲ್ಲ, ಆದರೆ ಅಂಥವರನ್ನು ಪಿನ್ ತಡೆಯುತ್ತಾ? ಒಂದು ಸ್ಟಾರ್ ಕಡಿಮೆ ಯಾಕೆಂದರೆ, ಪಾಸ್‌ಪೋರ್ಟ್ ಕೋರ್ಟಲ್ಲಿದ್ದಾಗ ಬಾಡಿಗೆ ಮನೆ, ವೀಸಾ ವಿಸ್ತರಣೆ ಎಲ್ಲಕ್ಕೂ ಒದ್ದಾಟ. ಒಪ್ಪಿಸುವ ಮುಂಚೆ ಎಲ್ಲ ಪುಟಗಳ ಜೆರಾಕ್ಸ್ ತೆಗೆಸಿಟ್ಟುಕೊಳ್ಳಿ.

ಸ್ಥಳೀಯ ಶ್ಯೂರಿಟಿಗೆ ಎರಡು. ಪಹಣಿ ಹಿಡಿದು ಬಂದು ಈತ ನನಗೆ ಗೊತ್ತು ಎನ್ನುವವರು ಲಾಗೋಸಿನವನಿಗೆ ಇಲ್ಲಿ ಎಲ್ಲಿ ಸಿಗಬೇಕು? ಬಾಡಿಗೆ ಜಾಮೀನುದಾರರಿಗೆ ಗಿರಾಕಿ ಸಿಗುವುದೇ ಹೀಗೆ. ಕೈಗೆಟುಕುವಷ್ಟು ನಗದು ಠೇವಣಿ ಕೇಳಿದರೆ ಎಷ್ಟೋ ಮೇಲು.

ಇನ್ನೊಂದು. 2025ರ ಜನವರಿಯಲ್ಲಿ ಅದೇ ದೆಹಲಿ ಕೇಸಿನಲ್ಲಿ ಸುಪ್ರೀಂ ಕೋರ್ಟ್, ವಿದೇಶಿಯರಿಗೆ ಜಾಮೀನು ಕೊಟ್ಟ ಕೂಡಲೇ ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸುವಂತೆ ತನಿಖಾ ಸಂಸ್ಥೆಗೆ ಹೇಳಬೇಕು ಎಂದಿತು. ನಮ್ಮಲ್ಲಿ ಅಂದರೆ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ. ವೀಸಾ ಮುಗಿದಿದ್ದರೆ ಜಾಮೀನು ಸಿಕ್ಕವರೂ ನೆಲಮಂಗಲ ಹತ್ತಿರದ ಸೊಂಡೆಕೊಪ್ಪದಲ್ಲಿ ವಿದೇಶಿಯರನ್ನು ಇರಿಸುವ ಕೇಂದ್ರಕ್ಕೆ ಹೋಗಬೇಕಾಗಬಹುದು. ಹಾಗಾಗಿ ಜಾಮೀನು ಅರ್ಜಿ ಹಾಕುವಾಗಲೇ ವೀಸಾ ಎಲ್ಲಿಯವರೆಗೆ ಇದೆ ಅಂತ ನಿಮ್ಮ ವಕೀಲರಿಗೆ ಹೇಳಿ.